ಕಿವಿರೆತ್ತಿ ನೋಡಿದ ಸ್ಯಾಂಡ್‌ವಿಚ್

ಕಾಸರಕೋಡಿನ ಬಂಗಾರಿಯ ಬಲಗೈ ಹೆಬ್ಬೆರಳಿನ ಖ್ಯಾತಿ ಹೊನ್ನಾವರ ಬಂದರಿನಲ್ಲಿ ತಿಳಿಯದವರಿಲ್ಲ. ಆ ಬೆರಳಿನಿಂದ ಒಮ್ಮೆ ಒತ್ತಿದರೆ ಸಾಕು, ಸತ್ತ ಬಂಗುಡೆಯೂ ಬಾಯಿಬಿಟ್ಟು ತಾನು ಯಾವ ವಾರ, ಯಾವ ಬೋಟಿನ ಬಲೆಗೆ ಬಿದ್ದೆ, ಎಷ್ಟು ದಿನ ಐಸಿನಲ್ಲಿ ಮಲಗಿದ್ದೆ ಎಂಬುದನ್ನೆಲ್ಲ ಒಪ್ಪಿಕೊಂಡುಬಿಡುತ್ತದೆ. ಪೊಲೀಸ್ ಇಲಾಖೆಯವರು ಆಕೆಯನ್ನು ಕೆಲಸಕ್ಕೆ ಸೇರಿಸಿಕೊಂಡಿದ್ದರೆ ಜಿಲ್ಲೆಯಲ್ಲಿ ಒಂದು ಕೇಸೂ ಬಾಕಿ ಉಳಿಯುತ್ತಿರಲಿಲ್ಲ. ದನಿಯೂ ಕಡಿಮೆಯದಲ್ಲ. ಆಕೆ ಶರಾವತಿ ಸೇತುವೆಯ ಮೇಲೆ ನಿಂತು “ಮೀನ್ ಬೇಕಾ” ಎಂದು ಕೂಗಿದರೆ ಅತ್ತ ದೂರದ ಮಂಕಿ ಊರಿನ ಬೆಕ್ಕುಗಳು ಮೈಮುರಿದು ಎದ್ದು ಕೂರುತ್ತವೆ.

ನಮ್ಮ ಮನೆಗೆ ಇಪ್ಪತ್ತೆರಡು ವರ್ಷದಿಂದ ಮೀನು ಕೊಡುವವಳು ಅವಳೇ. ಹದಿನಾಲ್ಕನೇ ವಯಸ್ಸಿಗೆ ಬುಟ್ಟಿ ಹೊತ್ತಳು. ಈಗ ಐವತ್ತೈದು. ಮೊಣಕಾಲು ಎರಡೂ ಹೋಗಿವೆ. ನಮ್ಮ ಗೇಟಿನ ಮೂರು ಮೆಟ್ಟಿಲು ಹತ್ತುವಾಗ ಬರುವ ಕಟಕಟ ಶಬ್ದಕ್ಕೆ ಮೊದಮೊದಲು ನಾನು ಪಕ್ಕದ ಮನೆಯಲ್ಲಿ ಬಡಗಿ ಬಂದಿದ್ದಾನೆ ಎಂದುಕೊಂಡಿದ್ದೆ. ಮಗಳು ಸುಶ್ಮಿತಾ ಬಿಕಾಂ ಮುಗಿಸಿ, ಹೆದ್ದಾರಿಯ ಪಕ್ಕ ಹೊಸದಾಗಿ ಆದ ಫಾಸ್ಟ್‌ಫುಡ್ ಅಂಗಡಿಯಲ್ಲಿ ಬೆಳಗಿನ ಪಾಳಿಯ ಮುಖ್ಯಸ್ಥೆಯಾದ ದಿನ ಬಂಗಾರಿ ನಮಗೆ ಎರಡು ದುಬಾರಿ ಪಾಪ್ಲೆಟ್ ಮೀನು ದುಡ್ಡಿಲ್ಲದೆ ಕೊಟ್ಟಳು. ಇಪ್ಪತ್ತೆರಡು ವರ್ಷದಲ್ಲಿ ಅದೊಂದೇ ಸಲ. ನನ್ನ ಹೆಂಡತಿ ಭಾಗ್ಯಲಕ್ಷ್ಮಿ ಹೆದರಿ, ಬಂಗಾರಿಗೆ ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡಿದಳು.

ಈಗ ನಮ್ಮ ಮೂರೂ ಊರುಗಳಲ್ಲಿ ಇಂಥ ಅಂಗಡಿಗಳಾಗಿವೆ. ಅವುಗಳ ಇಂಗ್ಲಿಷ್ ಹೆಸರು ಬಂಗಾರಿಯ ನಾಲಗೆಗೆ ಹತ್ತುವುದಿಲ್ಲ, ಹತ್ತಿಸಿಕೊಳ್ಳುವ ಆಸೆಯೂ ಅವಳಿಗಿಲ್ಲ. ಹೊನ್ನಾವರದ್ದು ಹಳದಿ ಬೋರ್ಡು, ಭಟ್ಕಳದ್ದು ನೀಲಿ, ಕುಮಟೆಯದ್ದು ಹಸಿರು. ನಾನೂ ಹಾಗೆಯೇ ಬರೆಯುತ್ತೇನೆ. ಮಗಳಿರುವುದು ಹಳದಿ ಬೋರ್ಡಿನಲ್ಲಿ.

ಒಂದು ಭಾನುವಾರ ಬಂಗಾರಿ ಬುಟ್ಟಿ ಇಳಿಸಿದವಳು ಮೀನಿನ ಮಾತೇ ಎತ್ತಲಿಲ್ಲ.

“ಮಾಸ್ತರ್ರೆ, ನಾಳೆ ನಿಮ್ಗೆ ಎಂತಾರೂ ಕೆಲ್ಸ ಇತ್ತಾ?”

“ನಿವೃತ್ತಿಯಾದವನಿಗೆ ಎಂತ ಕೆಲ್ಸ ಮಾರಾಯ್ತಿ? ಗಡಿಯಾರಕ್ಕೆ ಕೀಲಿ ಕೊಡೂದು. ಅದೂ ಈಗ ಸೆಲ್ಲಿಂದು.”

“ಹಂಗಾರೆ ನನ್ ಸಂಗ್ತಿ ಬನ್ನಿ. ಮೂರೂ ಬೋರ್ಡಿನ ಮಾಲು ನೋಡ್ಕಂಡು ಬರ್ವ.”

ಸಂಗತಿ ಇಷ್ಟು. ಹಳದಿ ಬೋರ್ಡಿನಲ್ಲಿ ಬೆಳಗಿನ ತಿಂಡಿಯೆಂದರೆ ಮೊಟ್ಟೆಯ ಸ್ಯಾಂಡ್‌ವಿಚ್. ಅದು ದಿನಕ್ಕೆ ಹತ್ತೋ ಹನ್ನೊಂದೋ ಹೋಗುತ್ತಿತ್ತು. ಹುಬ್ಬಳ್ಳಿಯಿಂದ ಬಂದ ಕಂಪನಿಯ ಮೇಲಧಿಕಾರಿ ರವೀಂದ್ರ, ತಿಂಗಳ ಕೊನೆಯೊಳಗೆ ದಿನಕ್ಕೆ ನಲವತ್ತು ಹೋಗದಿದ್ದರೆ ಬೆಳಗಿನ ಪಾಳಿಯನ್ನೇ ಮುಚ್ಚುವುದಾಗಿ ಹೇಳಿ ಹೋಗಿದ್ದ. ಪಾಳಿ ಮುಚ್ಚಿದರೆ ಸುಶ್ಮಿತಾ ಮನೆಗೆ. ಭಟ್ಕಳದ ನೀಲಿಯಲ್ಲೂ ಕುಮಟೆಯ ಹಸಿರಿನಲ್ಲೂ ಇಂಥದೇ ತಿಂಡಿ ಚೆನ್ನಾಗಿ ಹೋಗುತ್ತದೆಂದು ಸುದ್ದಿಯಿತ್ತು.

“ಕೆಲ್ಸ ಹೋದ್ರೆ ನಿನ್ ಬುಟ್ಟಿ ನಾ ಹೊರ್ತೆ ಅಂದ್ಳು ಮಾಸ್ತರ್ರೆ,” ಎಂದಳು ಬಂಗಾರಿ. “ನಗಾಡ್ಕಂತನೇ ಅಂದ್ಳು. ನಂಗೆ ರಾತ್ರಿ ಅನ್ನ ಇಳೀಲಿಲ್ಲ.”

ಸೋಮವಾರ ಆರಿಸಿಕೊಂಡದ್ದಕ್ಕೆ ಕಾರಣವಿದೆ. ನಮ್ಮ ಕಡೆ ಸೋಮವಾರ ಹೆಚ್ಚಿನ ಮನೆಗಳಲ್ಲಿ ಮೀನು ಬೇಯುವುದಿಲ್ಲ. ಮೀನು ಮಾರುವವಳಿಗೆ ವಾರದ ರಜೆ ಅದೊಂದೇ. ಆದರೆ ಮನೆಯಿಂದ ಹೊರಟ ಮೇಲೆ ನನಗೆ ಹೊಳೆಯಿತು: ಸೋಮವಾರ ಬಂಗಾರಿಯೂ ಮೊಟ್ಟೆ ಮುಟ್ಟುವುದಿಲ್ಲ!

“ಮತ್ತೆ ರುಚಿ ಹೇಂಗೆ ನೋಡ್ತೆ?”

“ಎಂತ ಹೇಳ್ತ್ರಿ ಮಾಸ್ತರ್ರೆ? ಮೀನ ತಿಂದು ನೋಡಿ ಯಾರಾರೂ ತಕಂತ್ರಾ? ನೋಡೂಕೆ ನಾನಿದ್ದೆ, ತಿನ್ನೂಕೆ ನೀವಿದ್ರಲ್ಲ.”

ನನ್ನ ಸೋಮವಾರದ ನೇಮಗಳು ನಾನು ನಿವೃತ್ತನಾದ ದಿನವೇ ನಿವೃತ್ತಿಯಾಗಿವೆ ಎಂಬುದು ಅವಳಿಗೆ ಗೊತ್ತಿತ್ತು. ಹೀಗೆ ಬಾಯಿ ನನ್ನದು, ತೀರ್ಪು ಅವಳದ್ದು.

ಮೊದಲು ಹಳದಿ ಬೋರ್ಡು. ಏಳು ಗಂಟೆಗೆ ಒಳಗೆ ನಾವಿಬ್ಬರು, ಆರು ಫ್ಯಾನು. ಸುಶ್ಮಿತಾ ತಲೆಗೆ ಟೋಪಿ ಹಾಕಿಕೊಂಡು ಕೌಂಟರಿನಲ್ಲಿ ನಿಂತಿದ್ದಳು. ತಾಯಿಯನ್ನು ಕಂಡು ಖುಷಿಯೂ ಆಯಿತು, ಹೆದರಿಕೆಯೂ ಆಯಿತು. ಬಿಸಿ ಪೆಟ್ಟಿಗೆಯಿಂದ ಕಾಗದ ಸುತ್ತಿದ ಸ್ಯಾಂಡ್‌ವಿಚ್ ತೆಗೆದು ಕೊಟ್ಟಳು. ಬಂಗಾರಿ ಅದನ್ನು ಮೇಜಿನ ಮೇಲಿಟ್ಟು ಕಾಗದ ಬಿಡಿಸಿ, ಆ ಲೋಕಪ್ರಸಿದ್ಧ ಹೆಬ್ಬೆರಳಿನಿಂದ ಒತ್ತಿದಳು. ಬ್ರೆಡ್ಡಿನಲ್ಲಿ ಕುಳಿ ಬಿತ್ತು. ನಾವು ಕಾದೆವು. ಕುಳಿ ಏಳಲೇ ಇಲ್ಲ. ಇವತ್ತಿಗೂ ಎದ್ದಿರಲಿಕ್ಕಿಲ್ಲ.

“ಆಯೀ, ಇಲ್ಲಿ ಹಂಗೆಲ್ಲ ಒತ್ಬೇಡ,” ಎಂದಳು ಸುಶ್ಮಿತಾ ಮೆಲ್ಲಗೆ. “ಕ್ಯಾಮರಾ ಇತ್ತು.”

“ಇರ್ಲಿ, ಅದೂ ಕಲೀಲಿ.” ಬಂಗಾರಿ ಮೇಲಿನ ಬ್ರೆಡ್ಡನ್ನು ಮೀನು ತಾಜಾ ಇದೆಯೇ ಎಂದು ಕೆಂಪು ಕಿವಿರು ಎತ್ತಿ ನೋಡುವ ಹಾಗೆ ಬೆರಳ ತುದಿಯಲ್ಲಿ ಎತ್ತಿ ಒಳಗೆ ಇಣುಕಿದಳು. ಬಿಳಿ ಮೊಟ್ಟೆ, ಬಿಳಿ ಚೀಸು, ಬಿಳಿ ಸಾಸು. ಅವಳ ಮುಖ ಇಳಿದುಹೋಯಿತು. “ಕಿವಿರು ಬೆಳ್ಳಗಾಗಿತ್ತಲ್ಲೆ ಮಗಾ! ಇದ ಯಾರು ಮನಿಗೆ ತಕಂಡು ಹೋಗ್ತ್ರು?”

ನಾನು ತಿಂದೆ. ಸರ್ಕಾರಿ ಸುತ್ತೋಲೆಯ ರುಚಿ. ತಪ್ಪು ಹುಡುಕಲಾಗದು, ಎರಡನೇ ಸಲ ಓದಬೇಕೆನಿಸದು.

“ಎಷ್ಟೊತ್ತಿಗೆ ಮಾಡಿದ್ದು?” ಬಂಗಾರಿ ಕೇಳಿದಳು.

“ಐದೂವರೆಗೆ. ಎಲ್ಲಾ ಮಾಡಿ, ಕಾಗ್ದ ಸುತ್ತಿ ಇಡ್ಬೇಕು. ಗಿರಾಕಿ ಬಂದ್ರೆ ಹತ್ತು ಸೆಕೆಂಡಲ್ಲಿ ಕೊಡ್ಬೇಕು. ಕಂಪ್ನಿ ರೂಲು.”

ಭಟ್ಕಳದ ಬಸ್ಸು ಹತ್ತಿದೆವು.

ನೀಲಿ ಬೋರ್ಡಿನಲ್ಲಿ ಜನ ಎಷ್ಟಿದ್ದರೆಂದರೆ ನಾನು ಬಾಗಿಲಲ್ಲಿ ಉಸಿರು ಒಳಗೆಳೆದುಕೊಂಡವನು ಕೌಂಟರ್ ಮುಟ್ಟಿದ ಮೇಲೆಯೇ ಬಿಟ್ಟದ್ದು. ಅಲ್ಲಿದ್ದ ಯುವಕ ಭಟ್ಕಳದ ನವಾಯತ ಮುಸ್ಲಿಮರವನು. ಬಂಗಾರಿ ಕೊಂಕಣಿಯಲ್ಲಿ ಶುರು ಮಾಡಿದಳು, ಅವನು ನವಾಯತಿಯಲ್ಲಿ ಉತ್ತರ ಕೊಟ್ಟ. ಎರಡೂ ಒಂದೇ ಬಳಗದ ಮಾತಾದ್ದರಿಂದ ಎರಡು ನಿಮಿಷದಲ್ಲಿ ಬಂಗಾರಿ ಅವನಿಗೆ ಮೌಶಿ, ಎಂದರೆ ಚಿಕ್ಕಮ್ಮ, ಆದಳು. ಅವನು ಕಾವಲಿಯ ಮೇಲೆ ನಮ್ಮೆದುರೇ ಮೊಟ್ಟೆ ಒಡೆದ, ಬ್ರೆಡ್ಡು ಸುಟ್ಟ, ಕೋಳಿ ಇಟ್ಟ, ಕೆಂಪು ಮಸಾಲೆ ಬಳಿದ. ಬಂಗಾರಿ ಹೆಬ್ಬೆರಳು ಒತ್ತಿದಳು. ಬ್ರೆಡ್ಡು ತಕ್ಷಣ ಮೇಲೆದ್ದಿತು. ಎತ್ತಿ ನೋಡಿದರೆ ಒಳಗೆ ಕೆಂಪೋ ಕೆಂಪು.

ಆ ಯುವಕ ನಕ್ಕು ಕನ್ನಡದಲ್ಲೇ ಕೇಳಿದ: “ಮೌಶಿ, ಕಿವಿರು ನೋಡ್ತಾ ಇದ್ದೀರಾ? ನಮ್ಮ ಅಮ್ಮನೂ ಹೀಗೇ. ಬ್ರೆಡ್ಡನ್ನೂ ಒತ್ತಿ ನೋಡ್ತಾರೆ, ಸೋಪನ್ನೂ ಒತ್ತಿ ನೋಡ್ತಾರೆ.”

“ನೀ ಯಂತಕ್ಕೆ ಮೊದ್ಲೇ ಮಾಡಿ ಇಡೂದಿಲ್ಲ?”

“ಒಂದು ವಾರ ಇಟ್ಟು ನೋಡಿದೆ ಮೌಶಿ. ಯಾರೂ ಮುಟ್ಟಲಿಲ್ಲ. ನಮ್ಮ ಊರಿನವರು ಕಣ್ಣಲ್ಲಿ ನೋಡದ ಮಾಲು ಬಾಯಿಗೆ ಹಾಕೋದಿಲ್ಲ.”

ನಾನು ಆ ಸ್ಯಾಂಡ್‌ವಿಚ್ ತಿಂದೆ. ಖಾರಕ್ಕೆ ನನ್ನ ಎಡ ಕಿವಿಯಲ್ಲಿ ಹತ್ತು ವರ್ಷದಿಂದ ಕೇಳಿಸದಿದ್ದದ್ದೆಲ್ಲ ಒಮ್ಮೆಲೇ ಕೇಳಿಸಿತು.

ಕುಮಟೆ ಮುಟ್ಟುವಾಗ ಹತ್ತೂವರೆ. ಹಸಿರು ಬೋರ್ಡಿನವರದು ದೊಡ್ಡ ಗಾಜಿನ ಕಪಾಟು. ಒಳಗೆ ಸ್ಯಾಂಡ್‌ವಿಚ್‌ಗಳು ಮದುಮಕ್ಕಳಂತೆ ಸಾಲಾಗಿ ಕೂತಿದ್ದವು. ಸೊಪ್ಪು, ಸೌತೆ, ಟೊಮೆಟೊ ಎಲ್ಲವೂ ಹೊರಗೆ ಇಣುಕುತ್ತಿದ್ದವು. ಬಂಗಾರಿ ಈ ಸಲ ಬೆರಳನ್ನೇ ಬಳಸಲಿಲ್ಲ. ಕಪಾಟಿನ ಗಾಜಿಗೆ ಅಂಗೈ ತಾಗಿಸಿ, “ಐಸಿನ ಮಾಲು” ಎಂದಳು.

ಕೌಂಟರಿನ ಹುಡುಗಿಗೆ ಸಿಟ್ಟು ಬಂತು. “ಇಲ್ಲ ಅಮಾ, ಇದು ಬೆಳಿಗ್ಗೆ ಮಾಡಿದ್ದು.”

“ಬೆಳಿಗ್ಗೆದು ಹೌದು ತಂಗಿ. ಯಾವ ಬೆಳಿಗ್ಗೆದು?”

ಹುಡುಗಿ ಬೇರೆ ಗಿರಾಕಿಯ ಕಡೆ ತಿರುಗಿದಳು. ಜನ ಕೊಳ್ಳುತ್ತಲೇ ಇದ್ದರು ಎಂಬುದನ್ನು ಮಾತ್ರ ಬಂಗಾರಿ ಗಮನಿಸಿದಳು. ನಾನು ಆ ಮೂರನೆಯದನ್ನೂ ತಿಂದೆ. ಹಲ್ಲು ಜುಮ್ಮೆಂದದ್ದು ಬಿಟ್ಟರೆ ಬೇರೆ ನೆನಪಿಲ್ಲ. ಹೊಟ್ಟೆಯೊಳಗೆ ಆಗಲೇ ಮೂರು ಕಂಪನಿಗಳ ನಡುವೆ ಪೈಪೋಟಿ ಶುರುವಾಗಿತ್ತು.

ವಾಪಸು ಬಸ್ಸಿನಲ್ಲಿ ಬಂಗಾರಿ ತೀರ್ಪು ಹೇಳಿದಳು. “ಕುಮ್ಟೇದು ಹಳೇ ಮಾಲು, ಆದ್ರೂ ಖರ್ಚಾಗ್ತಿತ್ತು. ಯಂತಕ್ಕೆ? ಕಾಣ್ತು. ಭಟ್ಕಳದ್ದು ಕಾಣ್ತು, ತಾಜಾನೂ ಹೌದು. ನನ್ ಮಗಳದ್ದು ಮಾತ್ರ ಕಾಗ್ದದಲ್ಲಿ ಕಟ್ಕಂಡು ಕೂತಿತ್ತು. ನಾ ಬಟ್ಟೆ ಮುಚ್ಚಿದ ಬುಟ್ಟಿ ಇಟ್ಕಂಡು, ಒಳ್ಳೆ ಮೀನಿತ್ತು, ನೋಡ್ದೆ ತಕಳಿ ಅಂದ್ರೆ ನೀವು ತಕಂತ್ರಾ ಮಾಸ್ತರ್ರೆ?”

ನಾನು ತಲೆಯಲ್ಲಾಡಿಸಿದೆ.

ಸಂಜೆ ಅವರ ಮನೆಯಲ್ಲಿ ತಾಯಿ ಮಗಳಿಗೆ ಜಟಾಪಟಿ. ನಾನು ಸಾಕ್ಷಿಗೆ ಕೂತಿದ್ದೆ.

“ಎದುರಿಗೇ ಮಾಡು, ತೆಗ್ದು ತೋರ್ಸು, ಒಂದು ಕೆಂಪು ಟೊಮೆಟೊ ಇಡು,” ಎಂದಳು ತಾಯಿ.

“ರೂಲು ಮುರಿದ್ರೆ ನಾಳೇನೇ ತೆಗೀತ್ರು ಆಯಿ.”

“ಮುರೀದಿದ್ರೆ?”

“ತಿಂಗ್ಳ ಕೊನೀಗೆ ತೆಗೀತ್ರು.”

“ಮತ್ತೆ? ಇಪ್ಪತ್ತು ದಿನ ಸುಮ್ನೆ ಕೂತು ಎಂತ ಮಾಡ್ತೆ?”

ಸುಶ್ಮಿತಾ ತಾಯಿಯ ಹಾಗೆ ದನಿ ಎತ್ತುವವಳಲ್ಲ. “ಜಯಶ್ರೀಗೂ ಕೇಳ್ತೆ. ಕೆಲ್ಸ ಅವ್ಳದ್ದೂ ಹೌದು,” ಎಂದಳು. ಜಯಶ್ರೀ ಅಡುಗೆ ಕಡೆಯವಳು. ಮರುದಿನ ಬೆಳಿಗ್ಗೆ ಇಬ್ಬರೂ ಸೇರಿ ಬಿಸಿ ಪೆಟ್ಟಿಗೆಯ ಸ್ವಿಚ್ಚು ಆರಿಸಿದರು.

ಮುಂದಿನದನ್ನು ನಾನು ಸ್ವಲ್ಪ ಕಡಿಮೆ ಮಾಡಿಯೇ ಹೇಳುತ್ತೇನೆ, ಇಲ್ಲದಿದ್ದರೆ ನೀವು ನಂಬುವುದಿಲ್ಲ. ಎರಡನೇ ವಾರಕ್ಕೆ ಸಾಲು ಅಂಗಡಿಯಿಂದ ಹೊರಟು ಸರ್ಕಲ್ ಸುತ್ತಿ, ಸೇತುವೆ ದಾಟಿತು. ಸಾಲಿನ ಬಾಲದಲ್ಲಿ ನಿಂತವರು ಮಂಕಿಯವರೋ ಮುರ್ಡೇಶ್ವರದವರೋ ಎಂದು ವಾದವಾಯಿತು. ಸುಶ್ಮಿತಾ ಪ್ರತಿಯೊಬ್ಬರ ಎದುರೂ ಸ್ಯಾಂಡ್‌ವಿಚ್ ಎತ್ತಿ ಒಳಗಿನ ಟೊಮೆಟೊ ತೋರಿಸುವಳು. ಗಿರಾಕಿಗಳು ಬಗ್ಗಿ ನೋಡಿ “ಹಾಂ” ಎನ್ನುವರು. ಆ “ಹಾಂ” ನಮ್ಮ ಮೀನು ಪೇಟೆಯದೇ. ಕೆಲವರು ಬುಟ್ಟಿಯ ಮೀನು ಆರಿಸುವ ಅಭ್ಯಾಸದಲ್ಲಿ ಅಷ್ಟಕ್ಕೆ ನಿಲ್ಲಲಿಲ್ಲ. “ಇದಲ್ಲ, ಅದ್ರ ಕೆಳಗಿಂದು ಕೊಡು” ಎನ್ನತೊಡಗಿದರು. ಬ್ಯಾಂಕಿನ ಉಮೇಶ ಹೆಬ್ಬೆರಳು ಒತ್ತಲು ಹೋಗಿ ಜಯಶ್ರೀಯ ಸೌಟಿನಿಂದ ಪೆಟ್ಟು ತಿಂದ. ದಿನಕ್ಕೆ ನಲವತ್ತಲ್ಲ, ಅರವತ್ತು ಹೋಗುತ್ತಿತ್ತು.

ರವೀಂದ್ರ ಬಂದದ್ದು ಹೇಳದೆ ಕೇಳದೆ, ಒಂದು ಶುಕ್ರವಾರ ಎಂಟು ಗಂಟೆಗೆ. ಮೂರು ಕಂಪನಿಗಳ ರುಚಿ ಹತ್ತಿದ್ದ ನಾನು ಆಗ ಒಳಗಿದ್ದೆ. ಬಂಗಾರಿ ಗಾಜಿನ ಹೊರಗಿದ್ದಳು. ಬುಟ್ಟಿಯ ಜೊತೆ ಒಳಗೆ ಬರುವುದಿಲ್ಲ ಎಂದು ಮಗಳಿಗೆ ಮಾತು ಕೊಟ್ಟಿದ್ದಳು.

“ಬಿಸಿ ಪೆಟ್ಟಿಗೆ ಯಾಕೆ ಆಫ್ ಇದೆ?” ರವೀಂದ್ರ ಕೇಳಿದ.

“ನಾನೇ ಮಾಡಿದ್ದು ಸರ್,” ಎಂದಳು ಸುಶ್ಮಿತಾ. “ಸುತ್ತಿಟ್ಟಿದ್ದು ಇಲ್ಲಿ ಯಾರೂ ತಕೊಳ್ಳೂದಿಲ್ಲ. ಜಯಶ್ರೀದು ಎಂತದೂ ತಪ್ಪಿಲ್ಲ.”

“ರೂಲ್ಸ್ ಗೊತ್ತಿಲ್ವಾ ನಿಮಗೆ?”

“ಗೊತ್ತಿತ್ತು ಸರ್.”

ಅವನು ಮೊಬೈಲು ತೆಗೆದ. ಹೊರಗೆ ನಿಂತ ಬಂಗಾರಿಗೆ ಒಂದು ಮಾತೂ ಕೇಳಿಸುತ್ತಿರಲಿಲ್ಲ, ಮಗಳ ಮುಖ ಮಾತ್ರ ಕಾಣುತ್ತಿತ್ತು. ಮಂಕಿಯ ಬೆಕ್ಕು ಎಬ್ಬಿಸುವ ಆ ದನಿ ಅವತ್ತು ಹೊರಡಲಿಲ್ಲ. ಎರಡೂ ಕೈಯಲ್ಲಿ ತಲೆಯ ಬುಟ್ಟಿಯ ಅಂಚು ಹಿಡಿದು, ಮೊಣಕಾಲಿನ ನೋವಿಗೂ ಕದಲದೆ ನಿಂತಿದ್ದಳು. ನಾನು ಅವಳ ಕಡೆ ಒಮ್ಮೆ ನೋಡಿ, ಮತ್ತೆ ನೋಡುವ ಧೈರ್ಯವಾಗದೆ ತಟ್ಟೆ ನೋಡಿದೆ.

ಅಷ್ಟರಲ್ಲಿ ಸಾಲಿನಲ್ಲಿದ್ದ ಅಂಗನವಾಡಿಯ ಸಣ್ಣಿ ರವೀಂದ್ರನ ಭುಜ ತಟ್ಟಿದಳು. “ಹ್ವಾಯ್, ನೀವು ತಕಂಡಾತಾ? ಆದ್ರೆ ಬದಿಗೆ ಸರೀರಿ. ನಮ್ಗೆ ಹೊತ್ತಾತು.”

ರವೀಂದ್ರ ಬದಿಗೆ ಸರಿದ. ಅರ್ಧ ತಾಸು ಅಲ್ಲೇ ನಿಂತು ಎತ್ತುವುದು, ಬಗ್ಗುವುದು, “ಹಾಂ” ಎನ್ನುವುದು ಎಲ್ಲವನ್ನೂ ನೋಡಿದ. ಫೋಟೋ ಹೊಡೆದುಕೊಂಡ. ಹೋಗುವಾಗ, “ಮೇಲಿನವರು ಹೇಳುವವರೆಗೆ ಏನೂ ಹೇಳಲಾರೆ” ಎಂದಷ್ಟೇ ಹೇಳಿದ.

ಒಂಬತ್ತು ದಿನ ಕಳೆಯಿತು. ಆ ಒಂಬತ್ತು ದಿನ ಬಂಗಾರಿ ಯಾರೊಂದಿಗೂ ಚೌಕಾಶಿ ಮಾಡಲಿಲ್ಲ. ಊರಿನ ಹೆಂಗಸರಿಗೆ ಮೀನಿನ ರುಚಿಯೇ ಕೆಟ್ಟಿತು.

ಹತ್ತನೇ ದಿನ ಕಂಪನಿಯ ಪತ್ರ ಮೊಬೈಲಿಗೆ ಬಂತು. ಬೆಳಗಿನ ಪಾಳಿ ಮುಂದುವರಿಯುತ್ತದೆ. ಕರಾವಳಿಯ ಅಂಗಡಿಗಳಲ್ಲಿ ಇನ್ನು ಮುಂದೆ ಗಿರಾಕಿಯ ಎದುರೇ ತಯಾರಿಸಿ, ತೆರೆದು ತೋರಿಸಿ ಕೊಡತಕ್ಕದ್ದು. ಇದು ಕಂಪನಿಯ ತಜ್ಞರು ದೀರ್ಘ ಅಧ್ಯಯನದಿಂದ ಕಂಡುಕೊಂಡದ್ದು. ಸುಶ್ಮಿತಾಳ ಹೆಸರು ಎಲ್ಲೂ ಇರಲಿಲ್ಲ. ಇಂಗ್ಲಿಷನ್ನು ಕನ್ನಡ ಮಾಡಿ ಓದಿ ಹೇಳಿದವನು ನಾನೇ, ನಮ್ಮ ಗೇಟಿನ ಹತ್ತಿರ, ತಾಯಿ ಮಗಳು ಇಬ್ಬರೂ ಇದ್ದಾಗ.

“ತಜ್ಞರಂತೆ!” ಸುಶ್ಮಿತಾಗೆ ಮೊದಲ ಸಲ ದನಿ ಏರಿತು. “ಯಾವ ತಜ್ಞ ಇಲ್ಲಿ ಬಂದಿದ್ದ?”

“ಹೆಸ್ರು ಅವ್ಕೇ ಇರ್ಲಿ ಬಿಡು ಮಗಾ,” ಎಂದಳು ಬಂಗಾರಿ. “ಪಾಳಿ ನಿಂಗಿತ್ತಲ್ಲ. ಹೋಗು, ಹೊತ್ತಾತು.”

ಮಗಳು ಸ್ಕೂಟಿ ಹತ್ತಿ ಹೋದಳು. ಬಂಗಾರಿ ನಮ್ಮ ಮೆಟ್ಟಿಲ ಮೇಲೆ ಕೂತಳು. ಇಪ್ಪತ್ತೆರಡು ವರ್ಷದಲ್ಲಿ ಅವಳು ಅಲ್ಲಿ ನಿಂತದ್ದನ್ನು ಕಂಡಿದ್ದೆ, ಕೂತದ್ದನ್ನು ಕಂಡಿರಲಿಲ್ಲ. ಭಾಗ್ಯಲಕ್ಷ್ಮಿ ಚಾ ತಂದಳು. ಬಂಗಾರಿ ಕುಡಿದಳು, ಲೋಟ ತೊಳೆದಿಟ್ಟಳು.

“ಬಿಸ್ಲು ಏರ್ತು ಮಾಸ್ತರ್ರೆ. ಬುಟ್ಟಿ ಒಂದು ಎತ್ತಿ ಕೊಡಿ.”

ಎತ್ತಲು ಹೋದೆ. ಅಲುಗಲಿಲ್ಲ. ಭಾಗ್ಯಲಕ್ಷ್ಮಿಯೂ ಬಂದು ಕೈ ಕೊಟ್ಟ ಮೇಲೆ, ಇಬ್ಬರೂ ಉಸಿರು ಬಿಗಿಹಿಡಿದು, ಅದನ್ನು ಅವಳ ತಲೆಯ ಮೇಲಿಟ್ಟೆವು. ಈ ಭಾರಕ್ಕೆ ಮಾತ್ರ ನಾನು ಏನನ್ನೂ ಸೇರಿಸಿ ಹೇಳುತ್ತಿಲ್ಲ. ಅವಳು ಕತ್ತು ಒಮ್ಮೆ ಸರಿಮಾಡಿಕೊಂಡು, ಕಟಕಟ ಎನ್ನುತ್ತ ಮೆಟ್ಟಿಲಿಳಿದು, ಮುಂದಿನ ಮನೆಯ ಕಡೆ ನಡೆದಳು.