ತಳ ಹಿಡಿದ ಹುಗ್ಗಿ

ಹಾಲು ಸಕ್ಕರೆ ಸೀಯುವ ವಾಸನೆ ಆ ಮೇಜಿನಲ್ಲಿ ಮೊದಲು ಬಂದದ್ದು ನನ್ನ ಮೂಗಿಗೇ. ನಿಫಾಡ್ ರಸ್ತೆಯ ದ್ರಾಕ್ಷಿ ತೋಟವೊಂದರ ನಡುವೆ, ಬಿಸಿಲು ಏರಿದ ಮಧ್ಯಾಹ್ನ, ಬಿಳಿ ಬಟ್ಟೆ ಹಾಸಿದ ಮೇಜಿನ ಮುಂದೆ ಕೂತಿದ್ದೆ. ಮಗಳು ಕರೆದುಕೊಂಡು ಬಂದಿದ್ದಳು. ಫ್ರಾನ್ಸಿನ ಹಳ್ಳಿಗಳ ಕಡೆ ಇಂಥ ಊಟದ ಮನೆಗಳಿರುತ್ತವಂತೆ. ಅಂದು ಒಲೆಯ ಮೇಲೆ ಏನಿದೆಯೋ ಅದೇ ಊಟ, ಸೂಪಿನಿಂದ ಸಿಹಿಯವರೆಗೆ ಎಲ್ಲರಿಗೂ ಒಂದೇ. ತೋಟದ ಮಾಲೀಕರು ಅಲ್ಲಿ ಉಂಡು ಬಂದು ಇಲ್ಲೊಂದು ಹಾಗೆಯೇ ಮಾಡಿಸಿದ್ದಾರೆ. ಗೋಡೆಯ ಮೇಲೆ ಕರಿಹಲಗೆ, ಅದರಲ್ಲಿ ಸೀಮೆಸುಣ್ಣದ ನಾಲ್ಕು ಸಾಲು. "ಅವ್ವಾ, ಇಲ್ಲಿ ಚಾಯ್ಸ್ ನಸತೋ. ಅವರು ಕೊಟ್ಟಿದ್ದೇ ತಿನ್ನೂದು," ಎಂದಳು ಮಗಳು, ತಾನೇ ಕಂಡುಹಿಡಿದವಳ ಹಾಗೆ. ನಾನು ಹುಟ್ಟಿ ಬೆಳೆದದ್ದೇ ಅಂಥ ಮನೆಯಲ್ಲಿ. ಅಲ್ಲಿ ಕರಿಹಲಗೆ ಕೂಡ ಇರಲಿಲ್ಲ. ಈರುಳ್ಳಿಯ ಸೂಪು ಬಂತು, ಗಟ್ಟಿ ರೊಟ್ಟಿ ಬಂತು, ಬದನೆಕಾಯಿಯದೊಂದು ಪಲ್ಯ ಬಂತು. ಆಮೇಲೆ ಅಡಿಗೆ ಮನೆಯ ಬಾಗಿಲು ತೆರೆದಾಗ ಆ ವಾಸನೆ ಬಂತು. ಚಮಚ ಹಿಡಿದ ಕೈ ನಿಂತಿತು. "ಅತ್ತೀ" ಎಂದು ಕೂಗಬೇಕಾಗಿದ್ದ ಗಳಿಗೆ ಅದು. ಆ ಗಳಿಗೆ ಕಳೆದು ನಲವತ್ತು ವರ್ಷವಾಗಿದೆ.

ನಾಶಿಕದ ಪಂಚವಟಿಯಲ್ಲಿ, ಗೋದಾವರಿಗೆ ಇಳಿಯುವ ಓಣಿಯೊಂದರಲ್ಲಿ ನಮ್ಮ ದೊಡ್ಡಪ್ಪನ ಖಾನಾವಳಿ ಇತ್ತು. ಅಜ್ಜನ ಕಾಲಕ್ಕೆ ಕಲಬುರಗಿ ಕಡೆಯಿಂದ ಬಂದ ಮನೆ ನಮ್ಮದು. ಮುಂದೆ ಊಟದ ಪಡಸಾಲೆ, ಹಿಂದೆ ಅಡಿಗೆ ಮನೆ, ಅದರಾಚೆ ಕಟ್ಟಿಗೆ ಒಲೆಯ ಹಿತ್ತಲು, ಮಾಳಿಗೆಯ ಮೇಲೆ ನಮ್ಮ ವಾಸ. ಮೆಟ್ಟಿಲು ಇಳಿಯುವಾಗಲೇ ಹೆಂಚಿನ ಮೇಲಿನ ಜೋಳದ ರೊಟ್ಟಿಯ ವಾಸನೆ, ಹುರಿದ ಶೇಂಗಾದ ವಾಸನೆ, ತೊಳೆದ ಫರಸಿ ಕಲ್ಲಿನ ತಂಪು ವಾಸನೆ ಒಂದಾದ ಮೇಲೊಂದು ಸಿಗುತ್ತಿದ್ದವು. ಓಝರ್ ಕಡೆಯ ವಿಮಾನ ಕಾರ್ಖಾನೆಯಲ್ಲಿದ್ದ ನಮ್ಮ ಕಡೆಯ ಹುಡುಗರು, ಬೀದರಿನ ವ್ಯಾಪಾರಸ್ಥರು, ತ್ರ್ಯಂಬಕೇಶ್ವರಕ್ಕೆ ಹೋಗಿಬರುವ ಮಂದಿ ಎರಡು ಸಾಲಾಗಿ ಮಣೆ ಹಾಕಿಕೊಂಡು ಕೂಡುತ್ತಿದ್ದರು. ಸೋಮವಾರ ಪುಂಡಿಪಲ್ಯ, ಮಂಗಳವಾರ ಝುಣಕ, ಗುರುವಾರ ಎಣ್ಣೆಗಾಯಿ. ಅಮಾವಾಸ್ಯೆಗೆ ಗೋಧಿ ಹುಗ್ಗಿ. ಇವತ್ತೇನು ಎಂದು ಯಾರೂ ಕೇಳುತ್ತಿರಲಿಲ್ಲ. ತಾಟಿನಲ್ಲಿ ಬಿಡುವ ಹಾಗಿರಲಿಲ್ಲ. ಈ ಎರಡು ಕಾನೂನು ನಡೆಸುತ್ತಿದ್ದವಳು ನೀಲತ್ತಿ.

ನೀಲತ್ತಿ ದೊಡ್ಡಪ್ಪನಿಗೂ ನನ್ನ ಅಪ್ಪನಿಗೂ ತಂಗಿ. ಮದುವೆಯಾಗಿ ಎರಡನೇ ವರ್ಷಕ್ಕೆ ಗಂಡ ಬಿಟ್ಟಿದ್ದ. ಅಣ್ಣನ ಮನೆಯಲ್ಲಿ ಅವಳಿಗೆ ಹಕ್ಕಿನ ಜಾಗವೆಂದು ಇದ್ದದ್ದು ಒಲೆಯ ಮುಂದಿನ ಮಣೆಯೊಂದೇ. ಅದು ಹೋದರೆ ಅವಳು ಬಿಟ್ಟಿ ಕೂಳಿನವಳು. ಇದು ಅವಳಿಗೆ ಗೊತ್ತಿತ್ತು, ದೊಡ್ಡವ್ವನಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಇರಬೇಕು, ನೀಲತ್ತಿಯ ನಾಲಿಗೆ ಈಳಿಗೆಯಷ್ಟು ಹರಿತವಿತ್ತು. ಮೈಸೂರು ಕಡೆಯ ಇಂಜಿನಿಯರೊಬ್ಬ ಹೊಸದಾಗಿ ಬಂದವನು, ರೊಟ್ಟಿ ಬೇಡ, ಮೊದಲು ಅನ್ನ ಸಾರು ಹಾಕಿ ಎಂದು ಒಂದು ದಿನ ಕೇಳಿಬಿಟ್ಟ. ಅವಳು ಅವನ ಎಡಕ್ಕೂ ಬಲಕ್ಕೂ ಬಡಿಸಿದಳು, ಅವನ ತಾಟು ಖಾಲಿ ಬಿಟ್ಟಳು. ಎಲ್ಲರೂ ಉಂಡು ಕೈ ತೊಳೆಯುವವರೆಗೂ ಅವನು ಹಾಗೇ ಕೂತಿದ್ದ. "ಇದು ನಿಮ್ಮವ್ವನ ಮನಿ ಅಲ್ರಿ ಸಾಹೇಬ್ರ. ಇಲ್ಲಿ ಒಲಿ ಹೇಳಿದ್ದ ಊಟ," ಎಂದಳು. ಪಡಸಾಲೆಯೆಲ್ಲ ನಕ್ಕಿತು. ಒಂಬತ್ತು ವರ್ಷದ ನಾನೂ ನಕ್ಕೆ. ಅವನ ಕಿವಿ ಕೆಂಪಾದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ನನ್ನ ಅವ್ವ ನನಗೆ ಐದು ತುಂಬುವ ಮೊದಲೇ ತೀರಿಕೊಂಡಿದ್ದಳು. ಅಪ್ಪ ಬೆಳಿಗ್ಗೆ ಕಾರ್ಖಾನೆಗೆ ಹೋದರೆ ಸಂಜೆಗೆ ಬರುವವನು. ನನ್ನನ್ನು ಸಾಕಿದ್ದು ನೀಲತ್ತಿಯೇ. ಮುದ್ದು ಮಾಡಿದಳು ಅಂದರೆ ಸುಳ್ಳಾದೀತು. ತಲೆ ಬಾಚುವಾಗ ಸಿಕ್ಕು ಬಿಡಿಸುವ ತಾಳ್ಮೆ ಅವಳಿಗಿರಲಿಲ್ಲ, ಕಣ್ಣಲ್ಲಿ ನೀರು ಬರುವ ಹಾಗೆ ಎಳೆಯುತ್ತಿದ್ದಳು. ಆದರೆ ಒಂದು ದಿನವೂ ಬಾಚದೆ ಬಿಡಲಿಲ್ಲ.

ನಮ್ಮ ಮನೆಯಲ್ಲಿ ಅಡಿಗೆ ಮಾಡುವವರು ರುಚಿ ನೋಡುವ ಹಾಗಿರಲಿಲ್ಲ. ಲಿಂಗಕ್ಕೆ ತೋರಿಸಿದ ಮೇಲೆಯೇ ನಾಲಿಗೆಗೆ. ಹಾಗಾಗಿ ನೀಲತ್ತಿ ಇಷ್ಟೂ ಮಂದಿಯ ಅಡಿಗೆಯನ್ನು ಮೂಗಿನ ಮೇಲೆ ಮಾಡುತ್ತಿದ್ದಳು. ಬೇಳೆಯ ಆವಿಗೆ ಮುಖವೊಡ್ಡಿ ಉಪ್ಪು ಸಾಲದು ಎನ್ನುತ್ತಿದ್ದಳು. ಅದು ಎಂದೂ ತಪ್ಪಿದ್ದಿಲ್ಲ. ಒಂದು ಚಳಿಗಾಲ ಅವಳಿಗೆ ಜ್ವರ ನೆಗಡಿ ಬಂದು ಮೂರು ವಾರ ಬಿಡಲಿಲ್ಲ. ಆಮೇಲೊಂದು ದಿನ ನಾನು ಶಾಲೆಯಿಂದ ಬಂದಾಗ ಅಡಿಗೆ ಮನೆಯ ತುಂಬ ಸೀಮೆಎಣ್ಣೆ ನಾತ. ಡಬ್ಬಿ ಉರುಳಿ ಮೂಲೆಯೆಲ್ಲ ಹರಿದಿತ್ತು. ಅತ್ತಿ ಅದಕ್ಕೆ ಬೆನ್ನು ಮಾಡಿ ನೆಮ್ಮದಿಯಾಗಿ ಅಕ್ಕಿ ಆರಿಸುತ್ತ ಕೂತಿದ್ದಳು. "ಅತ್ತಿ, ಚಿಮಣಿ ಎಣ್ಣಿ ವಾಸನಿ," ಎಂದೆ. ಅವಳು ತಿರುಗಿ ನೋಡಿದಳು, ಎದ್ದು ಬಾಗಿಲು ಹಾಕಿದಳು, ನನ್ನ ಗಲ್ಲ ಹಿಡಿದು ಎತ್ತಿದಳು. "ಪಾರಿ, ಯಾರ ಮುಂದರೆ ಬಾಯಿ ಬಿಟ್ಟಿ ಅಂದ್ರ ನಾಲಿಗಿ ಕಿತ್ತಿಡ್ತೀನಿ ನೋಡು." ಹಾಗೆ ಅಂದು ಹಳೆ ಅರಿವೆ ತಂದು ಎಣ್ಣೆ ಒರೆಸಲು ಕೂತಳು.

ಅಂದಿನಿಂದ ನಾನು ಅವಳ ಮೂಗಾದೆ. ಶಾಲೆಗೆ ಮೊದಲು, ಶಾಲೆಯ ನಂತರ, ಒಲೆಯ ಪಕ್ಕದ ಕಾಳಿನ ಡಬ್ಬದ ಮೇಲೆ ಕೂಡುವುದು. ಅವಳು ಸೌಟು ಎತ್ತಿ ನನ್ನ ಕಡೆ ಹಿಡಿಯುವಳು, "ವಾಸನಿ ಬಂತೇನ?" ಎನ್ನುವಳು. ನಾನು ಉಪ್ಪು, ಹುಳಿ, ಹಸಿ ಬೇಳೆ, ಹಳಸಿದ್ದು ಎಂದು ಒಂದೊಂದೇ ಮಾತಿನಲ್ಲಿ ಹೇಳುವೆ. ಒಂದು ವರ್ಷ ಹೀಗೆ ನಡೆಯಿತು, ಯಾರಿಗೂ ಗೊತ್ತಾಗಲಿಲ್ಲ. ಓರಗೆಯ ಹುಡುಗಿಯರು ನದಿಯ ಮೆಟ್ಟಿಲ ಮೇಲೆ ಆಡುತ್ತಿದ್ದಾಗ ನಾನು ಹೊಗೆಯಲ್ಲಿ ಕೂತಿರುತ್ತಿದ್ದೆ. ಮೊದಲು ಹೆಮ್ಮೆಯಿತ್ತು, ಬರಬರುತ್ತ ಬೇಸರ ಬಂತು. ಬೇಸರ ಅನ್ನುವುದು ಮಕ್ಕಳಲ್ಲಿ ಎಷ್ಟು ಬೇಗ ಹಗೆಯಾಗುತ್ತದೆ ಎಂಬುದನ್ನು ದೊಡ್ಡವರು ಮರೆತಿರುತ್ತಾರೆ. ನೀವೂ ಮರೆತಿರಬಹುದು.

ಆ ವರ್ಷ ಶಾಲೆಯಿಂದ ನಿಫಾಡಿನ ದ್ರಾಕ್ಷಿ ತೋಟಕ್ಕೆ ಕರೆದೊಯ್ಯುವುದಾಗಿ ಹೇಳಿದರು. ಬೇಕಾದಷ್ಟು ದ್ರಾಕ್ಷಿ ತಿನ್ನಬಹುದು ಎಂದಿದ್ದರು ನಮ್ಮ ಟೀಚರ್ ಬಾಯಿಯವರು. ಅಪ್ಪ ಹೂಂ ಅಂದಿದ್ದ. ಹೋಗುವ ದಿನವೇ ಅಮಾವಾಸ್ಯೆ ಬಿತ್ತು. ಬೆಳಿಗ್ಗೆ ಹೊಸ ರಿಬ್ಬನ್ ಕಟ್ಟಿಕೊಂಡು ಮೆಟ್ಟಿಲಿಳಿದರೆ, ಕರೆಯಲು ಬಂದ ಗೆಳತಿ ಸುನೀತಾಗೆ ಬಾಗಿಲಲ್ಲೇ ಅತ್ತಿ ತನ್ನ ಹರಕು ಮರಾಠಿಯಲ್ಲಿ ಹೇಳುತ್ತಿದ್ದಳು: "ತಿಲಾ ತಾಪ ಆಹೆ. ಜಾ." ಅವಳಿಗೆ ಜ್ವರ, ಹೋಗು ಅಂತ. ಸುನೀತಾ ನನ್ನ ರಿಬ್ಬನ್ ನೋಡಿದಳು, ನನ್ನ ಮುಖ ನೋಡಿದಳು, ಹೋದಳು. ನಾನು ಅಳತೊಡಗಿದೆ. ಅತ್ತಿ ನನ್ನ ರಟ್ಟೆ ಹಿಡಿದು ಹಿತ್ತಲಿಗೆ ಎಳೆದೊಯ್ದಳು. "ದ್ರಾಕ್ಷಿ ಎಲ್ಲಿ ಓಡಿ ಹೋಗ್ತಾವ? ಇವತ್ತ ಹುಗ್ಗಿ ಅದ. ಕೂಡು ಇಲ್ಲಿ."

ಅಮಾವಾಸ್ಯೆಯ ಹುಗ್ಗಿಗೆ ನಾಶಿಕದ ನಮ್ಮವರೆಲ್ಲ ಸಂಸಾರ ಸಮೇತ ಬರುತ್ತಿದ್ದರು. ನೀಲತ್ತಿಯ ಹೆಸರಿದ್ದದ್ದೇ ಅದರಲ್ಲಿ. ಕುಟ್ಟಿದ ಗೋಧಿ ಬೆಂದು ಬೆಲ್ಲ ಬಿದ್ದ ಮೇಲೆ ಕಣ್ಣು ಕೆಲಸಕ್ಕೆ ಬರುವುದಿಲ್ಲ. ಮೇಲೆಲ್ಲ ಹೊಂಬಣ್ಣ, ತಳದಲ್ಲಿ ಏನಾಗುತ್ತಿದೆ ಎಂದು ಹೇಳುವುದು ಮೂಗು ಮಾತ್ರ. ವಾಸನೆ ಹುಟ್ಟಿದ ಕೂಡಲೆ ಬೆಂಕಿ ಎಳೆದು, ತಳ ಕೆದಕದೆ ಬೇರೆ ಪಾತ್ರೆಗೆ ಬಗ್ಗಿಸಿದರೆ ಹುಗ್ಗಿ ಉಳಿಯುತ್ತದೆ. ತಡವಾದರೆ ಇಡೀ ಕೊಪ್ಪರಿಗೆ ಹೊಗೆ ಕುಡಿಯುತ್ತದೆ. ಆ ದಿನ ವಾಸನೆ ಹುಟ್ಟಿದ್ದು ನನಗೆ ಸ್ಪಷ್ಟವಾಗಿ ಗೊತ್ತಾಯಿತು. ಮೊದಲು ಬೆಲ್ಲದ್ದು, ಆಮೇಲೆ ಗೋಧಿಯದು. ಅತ್ತಿ ಬೆವರಿನ ಮುಖ ಎತ್ತಿ ಕೇಳಿದಳು, "ವಾಸನಿ ಬಂತೇನ, ಪಾರಿ?" ಈಗಷ್ಟೇ ತೋಟದ ಗೇಟು ದಾಟುತ್ತಿರಬಹುದಾದ ಸುನೀತಾಳನ್ನು ನೆನೆದೆ. "ಇಲ್ಲತ್ತಿ, ಚಲೋ ಅದ," ಎಂದೆ. ಅವಳು ಇನ್ನೊಂದು ಕಟ್ಟಿಗೆ ಒಳಗೆ ದೂಡಿದಳು. ಆ ಗಳಿಗೆಯಲ್ಲಿ ನನಗೆ ಆದದ್ದು ಭಯವಲ್ಲ. ಸಂತೋಷ. ಈ ವಯಸ್ಸಿನಲ್ಲಿ ಸುಳ್ಳು ಹೇಳಿ ಏನಾಗಬೇಕು?

ಪಡಸಾಲೆ ತುಂಬಿತ್ತು. ನೀಲತ್ತಿ ತಾನೇ ಬಡಿಸಿದಳು, ತುಪ್ಪ ಹಾಕಿದಳು. ಮೊದಲ ತುತ್ತು ಬಾಯಿಗಿಟ್ಟವರು ಒಬ್ಬರ ಮುಖ ಒಬ್ಬರು ನೋಡಿದರು. ದೂರುವ ಹಾಗಿಲ್ಲ, ಬಿಡುವ ಹಾಗಿಲ್ಲ, ಅವಳದೇ ಕಾನೂನು. ಎಲ್ಲರೂ ತಲೆ ತಗ್ಗಿಸಿ ಔಷಧಿ ನುಂಗಿದ ಹಾಗೆ ನುಂಗುತ್ತಿದ್ದರು. ಏನು ನಡೆಯುತ್ತಿದೆ ಎಂದು ತಿಳಿಯದೆ ಅವಳು, "ಇನ್ನೊಂಚೂರು ಹಾಕ್ಲ್ಯಾ?" ಎಂದು ಸಾಲಿನುದ್ದಕ್ಕೂ ಕೇಳುತ್ತ ಬಂದಳು. ಮೈಸೂರಿನವನ ಮುಂದೆ ಬಂದಾಗ ಅವನು ಕೈ ಅಡ್ಡ ಹಿಡಿದು ನಯವಾಗಿ ಹೇಳಿದ, "ಸಾಕಮ್ಮ. ಒಲೆ ಹೇಳಿದ್ದೇ ಊಟ ಅಲ್ವಾ? ಇವತ್ತು ಒಲೆ ಸ್ವಲ್ಪ ಜಾಸ್ತೀನೇ ಹೇಳಿದೆ." ತಡೆದು ಹಿಡಿದಿದ್ದ ನಗೆಯೆಲ್ಲ ಒಮ್ಮೆಗೇ ಒಡೆಯಿತು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಸೌಟು ಹಿಡಿದು ನಿಂತ ನೀಲತ್ತಿ, ಏತಕ್ಕೆ ಎಂದು ಗೊತ್ತಿಲ್ಲದೆ, ತಾನೂ ಸ್ವಲ್ಪ ನಕ್ಕಳು. ಆಗ ದೊಡ್ಡವ್ವ ಎದ್ದು ಬಂದು ಸೌಟನ್ನು ಅವಳ ಮೂಗಿಗೆ ಹಿಡಿದಳು. "ಮೂಸಿ ನೋಡವಾ, ಏನ್ ಬಡ್ಸೀದಿ ಅಂತ." ನೀಲತ್ತಿ ಮೂಸಿದಳು. "ಚಲೋನ ಅದ, ವೈನೀ," ಎಂದಳು. ದೊಡ್ಡವ್ವ ಸೌಟನ್ನು ತಾನೇ ಇಟ್ಟುಕೊಂಡಳು. ಅವಳಿಗೆ ಬೇಕಾದದ್ದು ಸಿಕ್ಕಿತ್ತು.

ಮರುದಿನ ಹಿತ್ತಲಲ್ಲಿ ಪರೀಕ್ಷೆ ನಡೆಯಿತು. ನೀಲತ್ತಿಯ ಕಣ್ಣಿಗೆ ಅವಳದೇ ಸೆರಗು ಕಟ್ಟಿದರು. ದೊಡ್ಡಪ್ಪ ಬಾಗಿಲಿಗೊರಗಿ ನಿಂತಿದ್ದ, ರೊಟ್ಟಿ ಬಡಿಯುವ ಹೆಂಗಸರು ಕೆಲಸ ಬಿಟ್ಟು ಬಂದಿದ್ದರು. ದೊಡ್ಡವ್ವ ಇಂಗು ಹಿಡಿದಳು. "ಯಾಲಕ್ಕಿ," ಎಂದಳು ಅತ್ತಿ. ಸೀಮೆಎಣ್ಣೆಯ ಅರಿವೆ ಹಿಡಿದಳು. "ತುಪ್ಪ." ಎಲ್ಲರೂ ನಕ್ಕರು. ಎಲ್ಲರಿಗಿಂತ ಮೊದಲು ನಕ್ಕವಳು ನಾನು. ಮೂರನೆಯದಕ್ಕೆ ಅವಳು ಕಟ್ಟಿದ ಕಣ್ಣಿನ ಮುಖವನ್ನು ನನ್ನ ನಗು ಬಂದ ಕಡೆ ತಿರುಗಿಸಿ ಕಾದಳು, ದಿನವೂ ಒಲೆಯ ಮುಂದೆ ಕಾಯುತ್ತಿದ್ದ ಹಾಗೆಯೇ. ನನ್ನ ಕೈಯಳತೆಯಲ್ಲೇ ಇತ್ತು ಅದು, ಈರುಳ್ಳಿ. ನಾನು ಹೇಳಲಿಲ್ಲ. ದೊಡ್ಡಪ್ಪ ನಿಟ್ಟುಸಿರು ಬಿಟ್ಟು ಒಳಗೆ ಹೋದ. ಅಂದಿನಿಂದ ಒಲೆ ದೊಡ್ಡವ್ವನದಾಯಿತು, ಎಂಜಲು ತಾಟು ತಿಕ್ಕುವ ಕಲ್ಲು ನೀಲತ್ತಿಯದಾಯಿತು. ನನ್ನ ಹೆಸರನ್ನು ಅವಳು ಯಾರ ಮುಂದೆಯೂ ಎತ್ತಲಿಲ್ಲ. ಮಾರನೇ ಬೆಳಿಗ್ಗೆ ಬೂದಿ ಮೆತ್ತಿದ ಕೈ ತೊಳೆದುಕೊಂಡು ಬಂದು ನನ್ನ ತಲೆ ಬಾಚಿದಳು. ಎಳೆಯಲಿಲ್ಲ. ಅದಕ್ಕೂ ನನಗೆ ಸಿಟ್ಟೇ ಬಂತು.

ಖಾನಾವಳಿ ಈಗಿಲ್ಲ. ದೊಡ್ಡಪ್ಪ ದೊಡ್ಡವ್ವ ಹೋದ ಮೇಲೆ ಮನೆ ಕೆಡವಿ ಯಾತ್ರಿಕರ ಲಾಡ್ಜು ಕಟ್ಟಿದರು. ನೀಲತ್ತಿಯನ್ನು ದೊಡ್ಡಪ್ಪನ ಮಗಳು ಸಂಭಾಜಿನಗರದ ತನ್ನ ಮನೆಗೆ ಕರೆದುಕೊಂಡು ಹೋದಳು, ಮನೆ ಕಾಯಲು ಒಬ್ಬರಿರಲಿ ಎಂದು. ನಾನು ಅಲ್ಲಿಗೆ ಹೋದದ್ದು ಒಂದೇ ಸಲ, ಆಫೀಸಿನ ಕೆಲಸದ ನೆವದಲ್ಲಿ, ನಾಲ್ಕು ವರ್ಷದ ಹಿಂದೆ. ಮನೆಯವರೆಲ್ಲ ಹೊರಗೆ ಹೋಗಿದ್ದರು. ಅವಳು ಕುಗ್ಗಿ ನನ್ನ ಭುಜದಷ್ಟಾಗಿದ್ದಳು. ನನ್ನನ್ನು ಕೂಡಿಸಿ, ಬೇಡವೆಂದರೂ ಕೇಳದೆ ಚಹಾ ಮಾಡಿದಳು. ಹಾಲು ತಳ ಹಿಡಿದಿತ್ತು. ಬಾಗಿಲವರೆಗೂ ಬರುತ್ತಿದ್ದ ಆ ವಾಸನೆ ಅವಳಿಗೆ ಗೊತ್ತಾಗುವ ಮಾತಿರಲಿಲ್ಲ. ಕಪ್ಪು ನನ್ನ ಕೈಗಿಟ್ಟು ಎದುರಿಗೆ ನೆಲದ ಮೇಲೆ ಕೂತು ಕೇಳಿದಳು, "ವಾಸನಿ ಬಂತೇನ?" ನಾನು ಗಟಗಟ ಕುಡಿದು, "ಇಲ್ಲತ್ತಿ, ಚಲೋ ಅದ," ಎಂದೆ. ಈ ಸಲ ಪ್ರೀತಿಯಿಂದಲೇ ಹೇಳಿದ್ದೆ. ಅವಳು ಕಪ್ಪಿಗೆ ಕೈ ಚಾಚಿದಳು.

"ಅವತ್ತೂ ಹಿಂಗ ಅಂದಿದ್ದಿ," ಎಂದಳು.

ಅಷ್ಟು ಹೇಳಿ ಖಾಲಿ ಕಪ್ಪು ತೆಗೆದುಕೊಂಡು ಒಳಗೆ ಹೋದಳು. ನಳದ ನೀರು ಬಿದ್ದ ಸದ್ದು, ಕಪ್ಪು ತಿಕ್ಕುವ ಸದ್ದು. ಎದ್ದು ಹೋಗಿ ಅವಳ ಕಾಲು ಹಿಡಿಯಬಹುದಿತ್ತು. ಬಸ್ಸಿಗೆ ಹೊತ್ತಾಯಿತು ಎಂದು ಕೂಗಿ ಹೇಳಿ ಬಂದುಬಿಟ್ಟೆ. ಆ ಮಳೆಗಾಲ ಅವಳು ತೀರಿಕೊಂಡಳು.

ಮೇಜಿಗೆ ಕೊನೆಯ ಬಟ್ಟಲು ಬಂತು. ಹಾಲಿನ ಗಟ್ಟಿ ಸಿಹಿ, ಮೇಲೆ ಕಂದು ಬಣ್ಣಕ್ಕೆ ಸುಟ್ಟ ಸಕ್ಕರೆಯ ಪದರು. ಮಗಳು ಚಮಚದಿಂದ ಒಡೆದು ಕಣ್ಣು ಮುಚ್ಚಿ ತಿಂದಳು. ಕಿಟಕಿಯಾಚೆ ದ್ರಾಕ್ಷಿಯ ಸಾಲುಗಳು. ಸುನೀತಾ ಅಂದು ನೋಡಿ ಬಂದದ್ದು ಇವನ್ನೇ ಇರಬಹುದು. ಬಡಿಸುವ ಹುಡುಗಿ ಬಂದು ಹೇಗಿದೆ ಎಂದು ನನ್ನನ್ನೇ ಕೇಳಿದಳು. "ಹೊತ್ಯಾದ. ವಾಸನಿ ಬರ್ಲಿಕತ್ತದ," ಎಂದೆ. ನನಗರಿವಿಲ್ಲದೆ ಕನ್ನಡದಲ್ಲೇ, ಸ್ವಲ್ಪ ಜೋರಾಗಿಯೇ. ಮಗಳು ನಾಚಿಕೊಂಡು, ಅವ್ವ ಸುಟ್ಟಿದೆ ಅನ್ನುತ್ತಿದ್ದಾಳೆ ಎಂದು ಮರಾಠಿಯಲ್ಲಿ ತಿಳಿಸಿದಳು. ಹುಡುಗಿ ನಕ್ಕಳು.

"ನಾಹೀ ಮ್ಯಾಡಮ್, ಮುದ್ದಾಮ್ ಜಾಳತಾತ." ಬೇಕೆಂದೇ ಸುಡುತ್ತಾರೆ ಅಂತ.

"ಗೊತ್ತದವಾ," ಎಂದೆ.

ತಾಟಿನಲ್ಲಿ ಬಿಡುವ ಪದ್ಧತಿ ನಮ್ಮ ಮನೆಯಲ್ಲಿರಲಿಲ್ಲ. ಬಟ್ಟಲು ಬರಿದಾಗುವ ತನಕ ತಿಂದೆ.