ರಸ್ತೆಗೆ ಅಡ್ಡ ಕೂತ ಎತೆಲ್ವಿನಾ

ಅಸ್ತೂರಿಯಸ್ ಬೆಟ್ಟದ ಮೇಲಿನ ನಮ್ಮ ವಾಲ್ದೋಸೋ ಊರಿನಲ್ಲಿ ಎತೆಲ್ವಿನಾ ನಲವತ್ತು ವರ್ಷ ಬಟ್ಟೆ ಹೊಲಿದವಳು. ಕಣಿವೆಯ ಆಸ್ಪತ್ರೆಯಲ್ಲಿ ಮಲಗಿದ್ದ ತಂಗಿಯ ತಲೆ ಬಾಚಲು ಪ್ರತಿ ಗುರುವಾರ ಬಸ್ಸು ಹತ್ತುತ್ತಿದ್ದಳು. ಒಂದು ಮಾರ್ಚ್ ತಿಂಗಳಲ್ಲಿ ಬಸ್ಸಿನವರು ನಿಲ್ದಾಣಕ್ಕೆ ಚೀಟಿ ಅಂಟಿಸಿದರು: ಇಲ್ಲಿ ಹತ್ತುವವರು ಮೂರೇ ಜನ, ಇನ್ನು ಬಸ್ಸು ನಿಲ್ಲುವುದಿಲ್ಲ.

"ಮೂರು ಜನ ಅಂದ್ರೆ ಜನ ಅಲ್ವೇನು?" ಎಂದು ಎತೆಲ್ವಿನಾ ಚೀಟಿ ಕಿತ್ತೆಸೆದಳು.

ಗುರುವಾರ ಅಡುಗೆಮನೆಯ ಕುರ್ಚಿ ಹೊತ್ತು ತಂದು, ದೂರದಿಂದಲೇ ಕಾಣುವ ಹಾಗೆ ರಸ್ತೆಯ ನಡುವೆ ಹಾಕಿಕೊಂಡು ಕೂತಳು. ಚಾಲಕ ನಿಕಾನೋರ್ ಬಸ್ಸು ನಿಲ್ಲಿಸಿ ಇಳಿದು ಬಂದ.

"ಏಳಮ್ಮಾ, ಪೊಲೀಸರನ್ನ ಕರೀಬೇಕಾಗುತ್ತೆ."

"ಕರೆಯಪ್ಪಾ. ಬಸ್ಸಂತೂ ನಿಂತಾಯ್ತು, ಅವರು ಬರೋ ಹೊತ್ತಿಗೆ ನಾನು ಒಳಗೆ ಕೂತಿರ್ತೀನಿ."

ನಿಕಾನೋರ್‌ಗೆ ನಗು ತಡೆಯಲಾಗಲಿಲ್ಲ. ಅವನೇ ಕುರ್ಚಿ ಎತ್ತಿ ಬಸ್ಸಿನೊಳಗಿಟ್ಟ.

ಮುಂದಿನ ಗುರುವಾರ ಬಸ್ಸಿನಲ್ಲಿ ಕಂಪನಿಯ ಅಧಿಕಾರಿಯೂ ಬಂದ. ಎತೆಲ್ವಿನಾ ಅದೇ ಜಾಗದಲ್ಲಿದ್ದಳು.

"ಎಷ್ಟು ವಾರ ಅಂತ ಹೀಗೆ ಕೂರ್ತೀರಿ?" ಎಂದು ಅವನು ರೇಗಿದ.

"ನನ್ನ ತಂಗಿ ತಲೇಲಿ ಕೂದಲು ಇರೋವರೆಗೂ."

ಅಷ್ಟರಲ್ಲಿ ನಾವು ಹದಿನೇಳು ಜನ ಒಂದೊಂದು ಕುರ್ಚಿ ತಂದು ಅವಳ ಹಿಂದೆ ಕೂತೆವು. ಮಂಡಿನೋವಿನ ಪಾದ್ರಿಯೂ ಬಂದಿದ್ದರು. "ಈಗ ಎಣಿಸ್ಕೊಳ್ಳಪ್ಪಾ," ಎಂದಳು ಎತೆಲ್ವಿನಾ. ಅಧಿಕಾರಿ ಎಣಿಸಲಿಲ್ಲ. ತಿರುಗಿ ಬಸ್ಸು ಹತ್ತಿದ, ನಾವೂ ಹತ್ತಿದೆವು.

ತಿಂಗಳೊಳಗೆ ಬಸ್ಸು ಮೊದಲಿನಂತೆ ನಮ್ಮೂರಲ್ಲಿ ನಿಲ್ಲತೊಡಗಿತು. ಭಾನುವಾರ ಮಾತ್ರ ಬಸ್ಸೇ ಇಲ್ಲ. ಎತೆಲ್ವಿನಾ ಈಗ ಅದರ ಬೆನ್ನು ಹತ್ತಿದ್ದಾಳೆ.