ಐತಪ್ಪ ಹಲಗೆ ಎತ್ತಿದ್ದ

ಬೆಳಿಗ್ಗೆ ಏಳೂವರೆಗೆ ಕಾರಡ್ಕದಲ್ಲಿ ಬಸ್ಸು ಹತ್ತಿದೆ. ಹಿಂದಿನ ಭಾನುವಾರ ಇಗರ್ಜಿಯಲ್ಲಿ ಪಾಪನಿವೇದನೆ ಮಾಡಿದಾಗ ಪಾದ್ರಿಗಳು, "ದೇವರಿಗೆ ಹೇಳಿದಿರಿ, ಸರಿ. ಆ ಹೆಂಗಸಿಗೆ ಹೇಳಿದ್ದೀರಾ?" ಎಂದು ಕೇಳಿದ್ದರು. ಹನ್ನೊಂದು ವರ್ಷಗಳಿಂದ ಹೇಳಿರಲಿಲ್ಲ.

ನಾಯ್ಮಾರ್ಮೂಲೆಯಲ್ಲಿ ಬಸ್ಸು ಕಾಲು ಗಂಟೆ ನಿಂತಿತು. ರಸ್ತೆಬದಿಯ ಗದ್ದೆಗೆ ಲಾರಿಯೊಂದು ಕೆಂಪು ಮಣ್ಣು ಸುರಿಯುತ್ತಿತ್ತು. ನಾನು ಮುಖ ತಿರುಗಿಸಿ ಕುಳಿತೆ. ಕಾಸರಗೋಡಿನಲ್ಲಿ ಚಹಾ ಕುಡಿದು ಅಳಿವೆಯ ಬಸ್ಸು ಹಿಡಿದೆ. ಹೊಳೆ ಸಮುದ್ರ ಸೇರುವ ಆ ಜಾಗಕ್ಕೆ ಮೊದಲು ದೋಣಿಯಲ್ಲಿ ಹೋಗಬೇಕಿತ್ತು. ಈಗ ಜವುಗು ತುಂಬಿಸಿ ರಸ್ತೆ ಮಾಡಿದ್ದಾರೆ, ಟಿಕೆಟ್ ಮೂರು ರೂಪಾಯಿ. ಇಳಿದೊಡನೆ ಮೂಗಿಗೆ ಬಡಿದದ್ದು ಕೊಳೆತ ತೆಂಗಿನ ಸಿಪ್ಪೆಯ ವಾಸನೆ. ತೋಡಿನ ನೀರು ಕಪ್ಪಗಿತ್ತು. ಪೇಟೆಯ ಪ್ಲಾಸ್ಟಿಕ್ ಚೀಲಗಳು ದಡಕ್ಕೆ ಅಂಟಿದ್ದವು.

ಅಂಗಡಿಯ ಮೋನು ನನ್ನ ಗುರುತು ಹಿಡಿದ. "ಎಂತ ಪೊರ್ಬುಗಳೇ, ಮರುವಾಯಿ ತಿನ್ಲಿಕ್ಕೆ ಬಂದದ್ದಾ? ಇಲ್ಲಿ ಈಗ ಚಿಪ್ಪು ಮಾತ್ರ ಉಂಟು!" ಎಂದು ನಕ್ಕ. ಕ್ರೈಸ್ತರೆಲ್ಲ ಇಲ್ಲಿಯವರಿಗೆ ಪೊರ್ಬುಗಳೇ.

ಆ ತೋಡಿನ ಬಾಯಲ್ಲಿ ಹಲಗೆಯ ಕಟ್ಟವೊಂದಿತ್ತು. ಭರತಕ್ಕೆ ಹಲಗೆ ಇಳಿಸಿದರೆ ಗದ್ದೆಗೆ ಉಪ್ಪುನೀರು ಬಾರದು. ಇಳಿತಕ್ಕೆ ಎತ್ತಿದರೆ ಮಳೆನೀರು ಹೊಳೆಗೆ ಹೋಗುತ್ತದೆ. ಆ ಕೆಲಸ ಐತಪ್ಪನದು. ಕಟ್ಟದ ಬಾಯಿಗೆ ಬಲೆ ಕಟ್ಟಿ ಸಿಕ್ಕಿದ ಮೀನೇ ಅವನ ಕೂಲಿ. ಕಟ್ಟದ ಆಚೆಯ ಜವುಗನ್ನು ನಾನು ಕೊಂಡೆ. ಗಾಳಿ, ತೆರೆಗಳಿಗೆ ಅಡ್ಡವಾಗಿದ್ದ ಕಾಂಡ್ಲ ಗಿಡಗಳನ್ನು ಕಡಿಸಿ, ಅಡಿಯಲ್ಲಿ ತೆಂಗಿನ ಸಿಪ್ಪೆ, ಮೇಲೆ ಮಣ್ಣು ಹಾಕಿಸಿ, ತೋಡಿಗೆ ಒಂದು ಸಿಮೆಂಟ್ ಪೈಪು ಮಾತ್ರ ಬಿಟ್ಟೆ. ಸಿಪ್ಪೆ ಜಾರಿ ಪೈಪಿನ ಬಾಯಿ ಮುಚ್ಚಿದ್ದು ನನಗೆ ಗೊತ್ತಿತ್ತು. ಮಳೆಗಾಲಕ್ಕೆ ಮೊದಲು ತೆಗೆಸಿದರಾಯಿತು ಎಂದುಕೊಂಡೆ. ಅದಕ್ಕೂ ಮೊದಲೇ ಸಮುದ್ರದಿಂದ ಎರಡು ದಿನ ಗಾಳಿಮಳೆ ಬಂತು. ಕಾಂಡ್ಲ ಇಲ್ಲದೆ ತೆರೆ ಒಳಗೆ ನುಗ್ಗಿತು, ನೀರು ಹೊರಗೆ ಹೋಗಲಿಲ್ಲ. ಒಂಬತ್ತು ಮನೆ ಮುಳುಗಿತು, ಬಾವಿಗಳು ಉಪ್ಪಾದವು. ನೀರು ಇಳಿದ ದಿನವೇ, ಯಾರೂ ನೋಡುವ ಮೊದಲು, ಆಳು ಕರೆಸಿ ಸಿಪ್ಪೆ ತೆಗೆಸಿಬಿಟ್ಟೆ.

ಐತಪ್ಪ ಕುಡಿದು ಮಲಗಿದ್ದ, ಹಲಗೆ ಎತ್ತಲಿಲ್ಲ ಎಂದು ಊರು ಹೇಳಿತು. ಇದೇ ಅಂಗಡಿಯಲ್ಲಿ ನಾನೂ, "ಕುಡಿದವನಿಗೆ ಭರತ ಯಾವುದು, ಇಳಿತ ಯಾವುದು?" ಎಂದಿದ್ದೆ. ಎಲ್ಲರೂ ನಕ್ಕಿದ್ದರು. ಮತ್ತೆ ಅವನನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ನಾಲ್ಕು ವರ್ಷದಲ್ಲಿ ತೀರಿಕೊಂಡ.

ಅವನ ಹೆಂಡತಿ ಕಮಲಕ್ಕ ಅಂಗಳದಲ್ಲಿ ತೆಂಗಿನ ಮಡಲು ಹೆಣೆಯುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಅವರ ಕೈ ನಿಂತಿತು.

"ಹಲಗೆ ಎತ್ತಿದ್ದೆ ಅಂತ ಅವರು ಸಾಯುವವರೆಗೆ ಹೇಳಿದ್ರು," ಎಂದರು. "ನಾನೇ ನಂಬಲಿಲ್ಲ. ಉಣ್ಲಿಕ್ಕೆ ಕೂತಾಗೆಲ್ಲ ಊರಿನವರ ಮಾತನ್ನೇ ಹೇಳಿ ಚುಚ್ಚುತ್ತಿದ್ದೆ."

ಕ್ಷಮಿಸಿ ಎಂದೆನೋ ಏನೋ. ಅವರು ಕೇಳಿಸಿಕೊಳ್ಳಲಿಲ್ಲ, ಸೆರಗು ಕೊಡವಿ ಎದ್ದರು. "ನಡೀರಿ, ಅಂಗಡಿಗೆ."

ಅಂಗಡಿಯಲ್ಲಿ ನಾಲ್ಕು ಮಂದಿ ಇದ್ದರು. "ಈಗ ಹೇಳಿ," ಎಂದರು ಕಮಲಕ್ಕ. ಹೇಳಿದೆ. ಮೋನು ಚಹಾ ಸೋಸುವುದನ್ನು ನಿಲ್ಲಿಸಿ, "ಛೆ, ಎಂತ ಮಾರಾಯ್ರೇ! ಆಗ ಬಾಯಿ ಇರ್ಲಿಲ್ವಾ ನಿಮಗೆ?" ಎಂದ.

ಮೂರೂವರೆಯ ಬಸ್ಸು ಬಂತು. ನಾನು ಎದ್ದೆ. "ಕೂತ್ಕೊಳ್ಳಿ," ಎಂದರು ಕಮಲಕ್ಕ, "ಬಲೆಯವರು ಬರ್ಲಿಕ್ಕುಂಟು." ಬಸ್ಸು ಹೋಯಿತು. ಬಲೆಯವರು ಬಂದಾಗ ಇನ್ನೊಮ್ಮೆ ಹೇಳಿದೆ. ಮದ್ರಸದ ಉಸ್ತಾದರು ಬಂದರು, ಅವರಿಗೂ ಹೇಳಿದೆ. ಪ್ರತಿ ಸಲವೂ ಕಮಲಕ್ಕ ಮೊದಲ ಬಾರಿ ಕೇಳುವವರಂತೆ ನನ್ನ ಬಾಯನ್ನೇ ನೋಡುತ್ತಿದ್ದರು. ನಾನು ಒಂದು ಸಲ ಪೈಪಿನ ಮಾತು ಬಿಟ್ಟಾಗ, "ಪೈಪು," ಎಂದು ನೆನಪಿಸಿದರು.

ಐದೂಮುಕ್ಕಾಲರ ಬಸ್ಸಿಗೆ ಅವರು ತಡೆಯಲಿಲ್ಲ. ಹೋಗಿ ಬನ್ನಿ ಎನ್ನಲೂ ಇಲ್ಲ. ಬಸ್ಸು ತಿರುಗುವಾಗ ಕಿಟಕಿಯಿಂದ ನೋಡಿದೆ. ದಾರಿಯಲ್ಲಿ ಬಂದ ಸೈಕಲ್ಲಿನವನನ್ನು ನಿಲ್ಲಿಸಿ, ನಮ್ಮ ಬಸ್ಸಿನ ಕಡೆ ಕೈ ತೋರಿಸುತ್ತ, ಅವರು ಏನೋ ಹೇಳುತ್ತಿದ್ದರು.